ಐದನೆಯ ಪಾಂಡವ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಈ ಹೆಸರುಗಳನ್ನು ಒಟ್ಟಿಗೆ ಹೇಳಿದರೆ ಯಾರಿಗೂ ಫುಟ್‌ಬಾಲ್ ನೆನಪಾಗುವುದಿಲ್ಲ. ಕುಸ್ತಿ ನೆನಪಾಗುತ್ತದೆ, ಸೈಕಲ್ ಓಟ ನೆನಪಾಗುತ್ತದೆ, ಮುಧೋಳದ ಬೇಟೆನಾಯಿ ನೆನಪಾಗುತ್ತದೆ. ಕೃಷ್ಣಾ-ಘಟಪ್ರಭಾ ನದಿಗಳ ಆಸುಪಾಸಿನ ಈ ಊರುಗಳಲ್ಲಿ ಆಟವೆಂದರೆ ಒಬ್ಬ ಇನ್ನೊಬ್ಬನನ್ನು ಸೋಲಿಸುವುದು. ಜಾತ್ರೆಯಲ್ಲಾಗಲಿ ಉರುಸಿನಲ್ಲಾಗಲಿ ಕುಸ್ತಿಯ ಕಣದ ಸುತ್ತ ಸೇರಿದ ಜನ ಕೊನೆಗೆ ಮನೆಗೆ ಒಯ್ಯುವುದು ಒಂದೇ ಹೆಸರನ್ನು. ಗೆದ್ದವನ ಹೆಸರನ್ನು. ಬೆಳ್ಳಿಯ ಕಡಗ ಏರುವುದು ಒಂದೇ ಕೈಗೆ.

ಆದರೆ ಇದೇ ಊರುಗಳಲ್ಲಿ ಇನ್ನೊಂದು ವಿದ್ಯೆಯೂ ಇದೆ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದು ಹೋದರೆ ಅದು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಮಗ್ಗದ ಸದ್ದು. ಹಾಸಿನ ಎಳೆಗಳ ನಡುವೆ ಲಾಳಿ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡುತ್ತಲೇ ಇರುತ್ತದೆ. ಲಾಳಿ ಯಾವ ಕಡೆಯಲ್ಲೂ ನಿಲ್ಲುವಂತಿಲ್ಲ. ನಿಂತರೆ ನೇಯ್ಗೆ ನಿಲ್ಲುತ್ತದೆ. ಸೀರೆ ಮಾರುಕಟ್ಟೆಗೆ ಹೋದ ಮೇಲೆ ಅಂಚು ನೋಡುತ್ತಾರೆ, ಸೆರಗು ನೋಡುತ್ತಾರೆ, ಬಣ್ಣ ನೋಡುತ್ತಾರೆ. ಲಾಳಿ ಎಷ್ಟು ಸಲ ಓಡಿತೆಂದು ಯಾರೂ ಕೇಳುವುದಿಲ್ಲ.

ಫುಟ್‌ಬಾಲಿನ ಚರಿತ್ರೆಯೂ ಹೀಗೆಯೇ ಬರೆಯಲ್ಪಟ್ಟಿದೆ. ಗೋಲು ಹೊಡೆದವನ ಹೆಸರು ದಾಖಲೆಯಲ್ಲಿ ಉಳಿಯುತ್ತದೆ, ನಿಮಿಷದ ಸಮೇತ. ಆ ಗೋಲಿಗೆ ಚೆಂಡು ಕೊಟ್ಟವನ ಹೆಸರು ನಮ್ಮ ಹಳೆಯ ದಾಖಲೆಗಳಲ್ಲಿ ಬಹುಮಟ್ಟಿಗೆ ಇಲ್ಲವೇ ಇಲ್ಲ. ಇವತ್ತು ಟಿ.ವಿ. ಪರದೆಯ ಮೇಲೆ ಯಾರು ಎಷ್ಟು ಪಾಸು ಕೊಟ್ಟರು, ಅವುಗಳಲ್ಲಿ ಎಷ್ಟು ಸರಿಯಾಗಿ ತಲುಪಿದವು ಎಂಬ ಲೆಕ್ಕ ಬರುತ್ತದೆ. ಐವತ್ತು ಅರವತ್ತು ವರ್ಷಗಳ ಹಿಂದೆ ಅಂಥ ಲೆಕ್ಕ ಇಡುವವರು ಇರಲಿಲ್ಲ. ಹಾಗಾಗಿ ಚೆಂಡು ಕೊಡುವುದನ್ನೇ ಕಲೆಯಾಗಿಸಿಕೊಂಡವರು ಮರೆವಿಗೆ ಸಂದರು. ಅಂಥವರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಅಹಮದ್ ಖಾನ್. 1949ರಲ್ಲಿ ಅವರು ಒಂದು ತಂಡಕ್ಕೆ ಹೊಸಬರಾಗಿ ಹೋದರು. ಮುಂದಿನ ನಾಲ್ಕು ವರ್ಷಗಳಲ್ಲಿ ಆ ತಂಡಕ್ಕೆ ಏನಾಯಿತು, ಆ ತಂಡದ ಜನರಿಗೆ ಏನಾಯಿತು ಎಂಬುದು ಬರೀ ಆಟದ ಮಾತಲ್ಲ. ಅದಕ್ಕಾಗಿಯೇ ಇಲ್ಲಿ ಅದನ್ನು ನೆನೆಯಬೇಕೆನಿಸಿದೆ.

*

ಚೆಂಡು ಕೊಡುವ ಕಲೆಗೂ ಒಂದು ಚರಿತ್ರೆ ಇದೆ. ಇಂಗ್ಲಿಷರು ಈ ಆಟಕ್ಕೆ ನಿಯಮ ಬರೆದ ಹೊಸತರಲ್ಲಿ ಆಟವೆಂದರೆ ಒಬ್ಬ ಚೆಂಡನ್ನು ಕಾಲಲ್ಲಿಟ್ಟುಕೊಂಡು ಮುನ್ನುಗ್ಗುವುದು, ಉಳಿದವರು ಅವನ ಹಿಂದೆ ಓಡುವುದು. ಅವನ ಕಾಲಿನಿಂದ ಚೆಂಡು ಜಾರಿದರೆ ಹಿಂದಿದ್ದವನು ಅದನ್ನು ಹಿಡಿದು ಮತ್ತೆ ನುಗ್ಗುವುದು. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವೆ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆಯಿತು. ಇಂಗ್ಲಿಷ್ ಆಟಗಾರರು ಎತ್ತರವಿದ್ದರು, ತೂಕವಿದ್ದರು. ಸ್ಕಾಟರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ಆಡಿದರು. ಪಂದ್ಯ ಸೊನ್ನೆ-ಸೊನ್ನೆ ಆಯಿತು. ಮೈಬಲ ಕಡಿಮೆ ಇದ್ದವರು ಕಂಡುಕೊಂಡ ಉಪಾಯ ಅದು. ಬಲಿಷ್ಠನ ಎದುರು ಒಬ್ಬೊಬ್ಬರೇ ನಿಲ್ಲಬಾರದು. ಅವನು ಬರುವಷ್ಟರಲ್ಲಿ ಚೆಂಡು ಗೆಳೆಯನ ಕಾಲಲ್ಲಿರಬೇಕು. ಮುಂದೆ ಜಗತ್ತೆಲ್ಲ ಕಲಿತದ್ದು ಈ ಪಾಠವನ್ನೇ.

ಬ್ರಿಟಿಷ್ ಪಲ್ಟನ್ನುಗಳೊಂದಿಗೆ ಆಟ ನಮ್ಮ ದೇಶಕ್ಕೆ ಬಂತು. ಬೆಂಗಳೂರಿನ ದಂಡು ಪ್ರದೇಶ ಅದರ ತೊಟ್ಟಿಲಾಯಿತು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನುಗಳ ಬಡವರ ಮಕ್ಕಳು ಸೋಲ್ಜರರ ಆಟ ನೋಡಿ ಕಲಿತರು, ಬರಿಗಾಲಲ್ಲಿ ಆಡಿದರು. ಅವರಲ್ಲಿ ತಮಿಳು ಮಾತಾಡುವವರಿದ್ದರು, ಉರ್ದು ಮಾತಾಡುವವರಿದ್ದರು, ಕನ್ನಡ-ತೆಲುಗಿನವರಿದ್ದರು. ಆ ನೆಲದಿಂದ ಬಂದ ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ಬು 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಪಲ್ಟನ್ನುಗಳ ಸ್ವತ್ತೆಂಬಂತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಫೈನಲ್ಲಿನಲ್ಲಿ ಎದುರಾಳಿ ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷ ಮತ್ತೆ ಗೆದ್ದಿತು. ಈ ಸಲ ಫೈನಲ್ಲಿನಲ್ಲಿ ಸೋತದ್ದು ಆರ್ಗೈಲ್ ಆ್ಯಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ಪಲ್ಟನ್ನು. ಚೆಂಡು ದಾಟಿಸುವುದನ್ನು ಜಗತ್ತಿಗೆ ಕಲಿಸಿದವರ ನಾಡಿನ ತಂಡವೇ ಬೆಂಗಳೂರಿನವರೆದುರು ಸೋತಿತು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೋಹನ್ ಬಗಾನನ್ನು ಸೋಲಿಸಿ ಮೂರನೆಯ ಸಲ ಅದೇ ಕಪ್ ಗೆದ್ದಿತು. ಈ ನಡುವೆ 1946-47ರಲ್ಲಿ ಮೈಸೂರು ಸಂಸ್ಥಾನದ ತಂಡ ಸಂತೋಷ್ ಟ್ರೋಫಿಯನ್ನೂ ಗೆದ್ದಿತ್ತು. ಅಹಮದ್ ಖಾನ್ ಬೆಳೆದದ್ದು ಈ ಗಾಳಿಯಲ್ಲಿ. ಹುಟ್ಟಿದ್ದು 1926ರ ಡಿಸೆಂಬರಿನಲ್ಲಿ.

1948ರ ಜುಲೈ 31ರಂದು ಸ್ವತಂತ್ರ ಭಾರತದ ತಂಡ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಆಡಿತು. ಹೆಚ್ಚಿನವರು ಬರಿಗಾಲಿನವರು. ಆ ತಂಡದಲ್ಲಿ ಮೈಸೂರಿನಿಂದ ಹೋದ ಸಾರಂಗಪಾಣಿ ರಾಮನ್, ಧನರಾಜ್, ಅಹಮದ್ ಖಾನ್ ಮೊದಲಾದವರಿದ್ದರು. ಎರಡು ಪೆನಾಲ್ಟಿ ಕಿಕ್‌ಗಳು ವ್ಯರ್ಥವಾದವು. ಪಂದ್ಯ ಒಂದು-ಎರಡರಿಂದ ಕೈತಪ್ಪಿತು. ನಮ್ಮ ಏಕೈಕ ಗೋಲು ಹೊಡೆದವರು ರಾಮನ್. ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ಗೋಲು ಒಬ್ಬ ಬೆಂಗಳೂರಿಗನದು. ಈ ಮಾತು ಕರ್ನಾಟಕದ ಎಷ್ಟು ಶಾಲಾ ಮಕ್ಕಳಿಗೆ ಗೊತ್ತಿದೆ?

*

ಅಂದಿನ ಆಟದಲ್ಲಿ 'ಮಿಡ್‌ಫೀಲ್ಡರ್' ಎಂಬ ಮಾತು ಬಳಕೆಯಲ್ಲಿರಲಿಲ್ಲ. ಗೋಲಿಯ ಮುಂದೆ ಇಬ್ಬರು ಬ್ಯಾಕ್‌ಗಳು, ಅವರ ಮುಂದೆ ಮೂವರು ಹಾಫ್‌ಬ್ಯಾಕ್‌ಗಳು, ಅವರ ಮುಂದೆ ಐವರು ಫಾರ್ವರ್ಡ್‌ಗಳು. ಇದು ಆಗಿನ ವ್ಯೂಹ. ಆ ಐವರಲ್ಲಿ ಇಬ್ಬರು ಅಂಚುಗಳಲ್ಲಿ ಓಡುವವರು, ಒಬ್ಬ ನಟ್ಟನಡುವೆ ಗೋಲಿಗಾಗಿ ಹೊಂಚುವವನು. ಉಳಿದಿಬ್ಬರನ್ನು ಒಳ-ಬಲ, ಒಳ-ಎಡ ಎಂದು ಕರೆಯಬಹುದು. ಹೆಸರಿಗೆ ಇವರು ಫಾರ್ವರ್ಡ್‌ಗಳು, ಕೆಲಸ ಮಾತ್ರ ನಡುಮೈದಾನದ್ದು. ಹಿಂದೆ ಬಂದು ಹಾಫ್‌ಬ್ಯಾಕ್‌ಗಳಿಂದ ಚೆಂಡು ಇಸಿದುಕೊಳ್ಳಬೇಕು, ತಿರುಗಬೇಕು, ಎದುರಾಳಿಯನ್ನು ತನ್ನತ್ತ ಎಳೆದುಕೊಳ್ಳಬೇಕು, ಅವನು ಬಿಟ್ಟುಬಂದ ಜಾಗಕ್ಕೆ ಚೆಂಡನ್ನು ಕಳಿಸಬೇಕು. ಇಂದು ಮಿಡ್‌ಫೀಲ್ಡರ್ ಮಾಡುವ ಕೆಲಸದ ಬಹುಪಾಲು ಇದೇ. ಅಹಮದ್ ಖಾನ್ ಒಳ-ಎಡದ ಆಟಗಾರ.

ಅವರ ಆಟ ನೋಡಿದವರು ಅವರನ್ನು ಹಾವಾಡಿಗ ಎಂದು ಕರೆದರು. ಈ ಬಿರುದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಹಾವಾಡಿಗ ಹಾವನ್ನು ಹೊಡೆಯುವುದಿಲ್ಲ. ಅದರ ಕಣ್ಣನ್ನು ತನ್ನ ಪುಂಗಿಯ ಮೇಲೆ ನಿಲ್ಲಿಸುತ್ತಾನೆ. ಬರಿಗಾಲಿನ ಬೆರಳುಗಳಲ್ಲಿ ಚೆಂಡು ಮಿಸುಕುತ್ತಿದ್ದರೆ ಎದುರಿನವನ ಕಣ್ಣು ಅಲ್ಲಿಗೇ ಅಂಟುತ್ತದೆ. ಒಬ್ಬನ ಕಣ್ಣು ಅಂಟಿತು, ಅವನ ಸಹಾಯಕ್ಕೆ ಇನ್ನೊಬ್ಬ ಬಂದ, ಅವನದೂ ಅಂಟಿತು. ಅಷ್ಟರಲ್ಲಿ ಮೈದಾನದ ಇನ್ನೊಂದು ಕಡೆ ಇಬ್ಬರು ಗೆಳೆಯರು ಯಾರ ಕಾವಲೂ ಇಲ್ಲದೆ ನಿಂತಿರುತ್ತಾರೆ. ಒಳಗಿನ ಫಾರ್ವರ್ಡ್ ಚೆಂಡನ್ನು ಆಡಿಸುವುದು ತನ್ನ ಬಿನ್ನಾಣ ತೋರಿಸಲಿಕ್ಕಲ್ಲ, ಗೆಳೆಯನಿಗೆ ಜಾಗ ಮಾಡಿಕೊಡಲಿಕ್ಕೆ. ಕೊಡುವ ಗಳಿಗೆ ತಪ್ಪಬಾರದು. ಬೇಗ ಕೊಟ್ಟರೆ ಎದುರಾಳಿ ಇನ್ನೂ ಬಲೆಗೆ ಬಿದ್ದಿರುವುದಿಲ್ಲ, ತಡವಾಗಿ ಕೊಟ್ಟರೆ ಚೆಂಡೇ ಹೋಗಿರುತ್ತದೆ. ಉರ್ದುವಿನಲ್ಲಿ ನಜಾಕತ್ ಎಂಬ ಮಾತಿದೆ. ಅದಕ್ಕೆ ಕನ್ನಡದಲ್ಲಿ ಕೋಮಲತೆ ಎಂದರೆ ಅರ್ಧ ಅರ್ಥ ಮಾತ್ರ. ಯಾವುದನ್ನು ಯಾವಾಗ ಎಷ್ಟು ಮುಟ್ಟಬೇಕೆಂಬ ಅರಿವು ಅದರ ಇನ್ನರ್ಧ.

ಮುಧೋಳದ ಬೇಟೆನಾಯಿಯನ್ನು ಬಲ್ಲವರಿಗೆ ಈ ಮಾತು ಇನ್ನೊಂದು ರೀತಿಯಲ್ಲಿ ತಿಳಿದೀತು. ಆ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ ಓಡುವ ಜಾತಿಯದು. ಮೊಲ ಈಗ ಎಲ್ಲಿದೆಯೋ ಅಲ್ಲಿಗಷ್ಟೇ ಓಡಿದರೆ ಮೊಲ ಸಿಕ್ಕುವುದಿಲ್ಲ. ಅದು ಎತ್ತ ತಿರುಗೀತು ಎಂಬುದು ಕಣ್ಣಿಗೆ ಮೊದಲೇ ಕಾಣಬೇಕು. ಒಳ್ಳೆಯ ಪಾಸು ಕೊಡುವವನೂ ಹೀಗೆಯೇ. ಅವನು ಚೆಂಡನ್ನು ಕೊಡುವುದು ಗೆಳೆಯ ನಿಂತಿರುವಲ್ಲಿಗಲ್ಲ, ತಲುಪಲಿರುವಲ್ಲಿಗೆ.

*

1949ರಲ್ಲಿ ಅಹಮದ್ ಖಾನ್ ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಇಲ್ಲಿ ಓದುಗರು ಸ್ವಲ್ಪ ನಿಲ್ಲಬೇಕು. ಒಬ್ಬ ಮುಸ್ಲಿಂ ಆಟಗಾರ, ಬೆಂಗಳೂರಿನವನು, ಕಲ್ಕತ್ತಾಗೆ ಹೋಗುತ್ತಾನೆಂದರೆ ಅದಕ್ಕೆ ಹಿಂದೆ ಒಂದು ದಾರಿ ಇತ್ತು. ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬು 1930ರ ದಶಕದಲ್ಲಿ ಬೆಂಗಳೂರೂ ಸೇರಿದಂತೆ ದೇಶದ ನಾನಾ ಕಡೆಯಿಂದ ಮುಸ್ಲಿಂ ಆಟಗಾರರನ್ನು ಕರೆಸಿಕೊಂಡು 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದಿತ್ತು. ಆ ಗೆಲುವು ಮುಸ್ಲಿಮರ ಅಭಿಮಾನದ ಸಂಗತಿಯಾಗಿತ್ತು. ಬರುಬರುತ್ತ ರಾಜಕೀಯ ಅದನ್ನು ಬೇರೆ ಬಣ್ಣದಲ್ಲಿ ನೋಡತೊಡಗಿತು. 1946ರ ಆಗಸ್ಟ್ 16ರ ನಂತರ ಕಲ್ಕತ್ತಾದ ಬೀದಿಗಳಲ್ಲಿ ನಡೆದ ಹತ್ಯಾಕಾಂಡ, 1947ರ ವಿಭಜನೆ, ಇವೆಲ್ಲವುಗಳ ಆಚೆಗೆ 1949 ಬಂತು.

ಈಸ್ಟ್ ಬೆಂಗಾಲ್ ಕ್ಲಬ್ಬು ಯಾರದು? 1920ರ ಆಗಸ್ಟ್ 1ರಂದು ಅದು ಹುಟ್ಟಿದ್ದೇ ಒಂದು ಅವಮಾನದಿಂದ. ಪೂರ್ವ ಬಂಗಾಳದ ಆಟಗಾರನೊಬ್ಬನನ್ನು ಒಂದು ಪಂದ್ಯದಿಂದ ಹೊರಗಿಟ್ಟರೆಂಬ ಸಿಟ್ಟಿನಿಂದ. ಪದ್ಮಾ ನದಿಯ ಆಚೆಯಿಂದ ಕಲ್ಕತ್ತಾಗೆ ಬಂದವರ ಕ್ಲಬ್ಬು ಅದು. ವಿಭಜನೆಯ ನಂತರ ಅದರ ಅರ್ಥವೇ ಬದಲಾಯಿತು. ಢಾಕಾ, ಬಾರಿಸಾಲ್, ಮೈಮನ್‌ಸಿಂಗ್‌ಗಳಲ್ಲಿ ಮನೆ-ಹೊಲ ಬಿಟ್ಟು ಬಂದ ಹಿಂದೂ ನಿರಾಶ್ರಿತರು ಸಿಯಾಲ್ದಾ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ಮಲಗಿದರು, ನಗರದ ದಕ್ಷಿಣದ ಖಾಲಿ ಜಾಗಗಳಲ್ಲಿ ಗುಡಿಸಲು ಕಟ್ಟಿದರು. ಅವರ ಹಳೆಯ ಊರು ಈಗ ಪರದೇಶ. ಹೊಸ ಊರು ಇನ್ನೂ ತಮ್ಮದಲ್ಲ. ಹಳೆಯ ಊರಿನ ಹೆಸರನ್ನು ಗಟ್ಟಿಯಾಗಿ ಕೂಗಬಹುದಾದ ಜಾಗ ಒಂದೇ ಉಳಿದಿತ್ತು. ಫುಟ್‌ಬಾಲ್ ಮೈದಾನ. ಅಲ್ಲಿ 'ಪೂರ್ವ ಬಂಗಾಳ' ಇನ್ನೂ ಬದುಕಿತ್ತು, ಕೆಂಪು-ಬಂಗಾರ ಬಣ್ಣದ ಅಂಗಿ ತೊಟ್ಟಿತ್ತು. ಈಸ್ಟ್ ಬೆಂಗಾಲ್ ಗೆದ್ದ ಸಂಜೆ ಆ ಮನೆಗಳಲ್ಲಿ ಇಲಿಶ್ ಮೀನಿನ ಅಡಿಗೆ. ಎದುರಾಳಿ ಮೋಹನ್ ಬಗಾನ್ ಗೆದ್ದರೆ ಪಶ್ಚಿಮ ಬಂಗಾಳದವರ ಮನೆಗಳಲ್ಲಿ ಸಿಗಡಿ.

ಇಂಥ ಜನರ ತಂಡಕ್ಕೆ, ಇಂಥ ಹೊತ್ತಿನಲ್ಲಿ, ಒಬ್ಬ ಮುಸ್ಲಿಂ ಹುಡುಗ ಹೊಸ ಆಟಗಾರನಾಗಿ ಬಂದ. ಮುಸ್ಲಿಮರ ಭಯದಿಂದಲೇ ಊರು ಬಿಟ್ಟೆವು ಎನ್ನುವವರು ಆ ಗ್ಯಾಲರಿಗಳಲ್ಲಿ ಕಡಿಮೆ ಇರಲಾರರು.

ಆ ಹೊತ್ತು ನಮ್ಮ ಕಡೆಯೂ ಹಗುರಾಗಿರಲಿಲ್ಲ. 1948ರ ಮಾರ್ಚಿನಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿದ್ದವು. ಪಟವರ್ಧನರ, ಘೋರ್ಪಡೆಯವರ ಕಾಲ ಮುಗಿದಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಪೂರ್ವಕ್ಕೆ ಹೈದರಾಬಾದ್ ಸಂಸ್ಥಾನದಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. ಅದಕ್ಕೆ ಮೊದಲು ರಜಾಕಾರರ ಹಾವಳಿ, ಅದರ ನಂತರ ಬೀದರ, ಕಲಬುರಗಿ ಕಡೆಯ ಸಾಮಾನ್ಯ ಮುಸ್ಲಿಮರ ಮೇಲೆ ಬಿದ್ದ ಏಟು. ಎರಡನ್ನೂ ನೆನೆಯುವ ಹಿರಿಯರು ನಮ್ಮ ಮನೆಗಳಲ್ಲಿ ಇದ್ದರು. ದಕ್ಷಿಣದಲ್ಲೂ ಉತ್ತರದಲ್ಲೂ ಹೆಸರು ಕೇಳಿದೊಡನೆ ಮುಖ ಬದಲಾಗುತ್ತಿದ್ದ ಕಾಲ ಅದು.

*

ಈಸ್ಟ್ ಬೆಂಗಾಲಿನ ಮುಂಚೂಣಿಯಲ್ಲಿ ಆಗ ನಾಲ್ವರಿದ್ದರು, ನಾಲ್ವರೂ ದಕ್ಷಿಣದವರು. ಬಲ ಅಂಚಿನಲ್ಲಿ ಪಿ. ವೆಂಕಟೇಶ್, ಒಳ-ಬಲದಲ್ಲಿ ಆಂಧ್ರದ ಅಪ್ಪಾರಾವ್, ನಡುವೆ ಬೆಂಗಳೂರಿನ ಧನರಾಜ್, ಎಡ ಅಂಚಿನಲ್ಲಿ ಕೇರಳದ ಸಾಲೆ. ಒಳ-ಎಡದಲ್ಲಿ ಅಹಮದ್ ಖಾನ್ ಬಂದು ನಿಂತಾಗ ಸಾಲು ಪೂರ್ತಿಯಾಯಿತು. ಕಲ್ಕತ್ತಾ ಅವರಿಗೆ ಇಟ್ಟ ಹೆಸರು ಪಂಚಪಾಂಡವರು.

ಹೊಸಬನೊಬ್ಬ ಬಂದರೆ ತಂಡಕ್ಕೆ ಏನಾಗುತ್ತದೆ ಎಂಬುದನ್ನು ಅಂಕಿಗಳೇ ಹೇಳಲಿ. 1920ರಿಂದ 1948ರವರೆಗಿನ ಅವಧಿಯಲ್ಲಿ ಈಸ್ಟ್ ಬೆಂಗಾಲ್ ಗೆದ್ದದ್ದು ಮೂರು ಕಲ್ಕತ್ತಾ ಲೀಗ್, ಎರಡು ಐ.ಎಫ್.ಎ. ಶೀಲ್ಡ್. 1949 ಒಂದೇ ವರ್ಷದಲ್ಲಿ ಲೀಗ್, ಶೀಲ್ಡ್, ರೋವರ್ಸ್ ಕಪ್ ಮೂರೂ ಬಂದವು. 1950ರಲ್ಲಿ ಲೀಗ್ ಮತ್ತು ಶೀಲ್ಡ್. 1951ರಲ್ಲಿ ಸತತ ಮೂರನೆಯ ಸಲ ಶೀಲ್ಡ್, ಜೊತೆಗೆ ದೆಹಲಿಯ ಡ್ಯೂರಾಂಡ್ ಕಪ್. 1952ರಲ್ಲಿ ಲೀಗ್ ಮತ್ತು ಮತ್ತೆ ಡ್ಯೂರಾಂಡ್. ನಾಲ್ಕು ವರ್ಷಗಳಲ್ಲಿ ಒಂಬತ್ತು ದೊಡ್ಡ ಪ್ರಶಸ್ತಿಗಳು.

ಇದೆಲ್ಲ ಒಬ್ಬ ಅಹಮದ್ ಖಾನರಿಂದ ಆಯಿತೆಂದರೆ ಅದು ಕುಸ್ತಿಯ ಕಣ್ಣಿನಿಂದ ಫುಟ್‌ಬಾಲ್ ನೋಡಿದಂತೆ. ಉಳಿದ ನಾಲ್ವರೂ ಬರುವ ಮೊದಲೇ ಒಳ್ಳೆಯ ಆಟಗಾರರೇ ಆಗಿದ್ದರು. ಆದರೆ ಎರಡೂ ಒಳಗಿನ ಜಾಗಗಳಲ್ಲಿ ಚೆಂಡು ಹಂಚಬಲ್ಲವರಿದ್ದಾಗ ಎದುರಾಳಿಯ ಹಾಫ್‌ಬ್ಯಾಕ್‌ಗೆ ಯಾರ ಬೆನ್ನು ಹತ್ತಬೇಕೆಂದು ತಿಳಿಯುವುದಿಲ್ಲ. ಎಡಗಡೆಯ ಒಳಗಿನವನ ಹತ್ತಿರ ಹೋದರೆ ಎಡ ಅಂಚಿನವನಿಗೆ ದಾರಿ ಸಿಗುತ್ತದೆ. ಹೋಗದೆ ನಿಂತರೆ ಆ ಒಳಗಿನವನೇ ಗೋಲಿನತ್ತ ನಡೆಯುತ್ತಾನೆ. ಹೊಸಬ ತನ್ನ ಆಟವನ್ನಷ್ಟೇ ತರಲಿಲ್ಲ, ಇತರರ ಆಟಕ್ಕೆ ಜಾಗ ತಂದ. ಲಾಳಿ ಬಂದ ಮೇಲೆ ಎಳೆಗಳು ಬಟ್ಟೆಯಾದವು.

ಈಗ ಆ ಹೆಸರನ್ನು ನೋಡೋಣ. ಐವರಲ್ಲಿ ಇಬ್ಬರು ಮುಸ್ಲಿಮರು, ಅಹಮದ್ ಮತ್ತು ಸಾಲೆ. ಆದರೂ ಪಾಂಡವರು! ಐದು ಜನ ಇದ್ದುದರಿಂದ ಹಾಗೆ ಕರೆದರು ಎಂದು ಹೇಳಿ ಮುಗಿಸಬಹುದು. ನಮಗೆ ಅಷ್ಟೇ ಅನಿಸುವುದಿಲ್ಲ. ಮಹಾಭಾರತದ ಪಾಂಡವರು ಯಾರು? ರಾಜ್ಯ ಕಳೆದುಕೊಂಡವರು. ಮನೆಯಿಂದ ಹೊರದಬ್ಬಿಸಿಕೊಂಡವರು. ಕಾಡಿನಲ್ಲಿ ಅಲೆದವರು, ಪರರ ಊರಿನಲ್ಲಿ ಹೆಸರು ಮರೆಸಿ ಬದುಕಿದವರು. ಊರು ಕಳೆದುಕೊಂಡ ಜನ ತಮ್ಮ ಪರವಾಗಿ ಆಡುವವರಿಗೆ ಊರು ಕಳೆದುಕೊಂಡ ಸೋದರರ ಹೆಸರನ್ನೇ ಇಟ್ಟರು. ಆ ಸೋದರರಲ್ಲಿ ಇಬ್ಬರು ಕಲಿಮಾ ಓದುವವರೆಂಬುದು ಆ ಹೆಸರಿಗೆ ಅಡ್ಡ ಬರಲಿಲ್ಲ. ಅಹಮದ್ ಕೊಟ್ಟ ಚೆಂಡನ್ನು ಧನರಾಜ್ ಗೋಲಿಗೆ ಕಳಿಸುವಾಗ ಗ್ಯಾಲರಿಯಲ್ಲಿ ನಿಂತವನು ಕೊಟ್ಟವನ ಧರ್ಮ ಯಾವುದೆಂದು ಕೇಳಿಕೊಂಡು ಚಪ್ಪಾಳೆ ತಟ್ಟಲಾರ. ಅಷ್ಟು ಹೊತ್ತು ಇರುವುದಿಲ್ಲ.

ಇದನ್ನು ಹಿಗ್ಗಿಸಿ ಹೇಳಬಾರದು. 1950ರ ಆರಂಭದಲ್ಲಿ ಎರಡೂ ಬಂಗಾಳಗಳಲ್ಲಿ ಮತ್ತೆ ಗಲಭೆಗಳಾದವು. ಆ ಏಪ್ರಿಲ್‌ನಲ್ಲಿ ನೆಹರೂ ಮತ್ತು ಲಿಯಾಖತ್ ಅಲಿ ದೆಹಲಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಮೈದಾನದಲ್ಲಿ ಅಹಮದ್‌ಗೆ ಜೈ ಎಂದವನು ತನ್ನ ಓಣಿಯ ಮುಸ್ಲಿಂ ನೆರೆಯವನಿಗೆ ಬಾಗಿಲು ತೆರೆದ ಎಂದು ಹೇಳಲು ನಮ್ಮಲ್ಲಿ ಆಧಾರವಿಲ್ಲ. ಆಟ ಗಲಭೆಯನ್ನು ನಿಲ್ಲಿಸುವುದಿಲ್ಲ. ಆದರೆ ಗಾಯಗೊಂಡ ಒಂದು ಸಮುದಾಯ, ಗಾಯ ಹಸಿಯಾಗಿದ್ದಾಗಲೇ, ತನ್ನ ಹೆಮ್ಮೆಯನ್ನು ಒಬ್ಬ ಮುಸ್ಲಿಮನ ಬರಿಗಾಲಿಗೆ ಒಪ್ಪಿಸಿತು ಎಂಬುದು ಸಣ್ಣ ಸಂಗತಿಯಲ್ಲ. ಗಲಭೆಗಳ ಚರಿತ್ರೆಯನ್ನು ಪುಟಗಟ್ಟಲೆ ಬರೆಯುವ ನಾವು ಇದಕ್ಕೆ ಒಂದು ಸಾಲನ್ನಾದರೂ ಕೊಡಬೇಕಲ್ಲವೇ?

*

ಮುಧೋಳದವರಿಗೆ ಪಾಂಡವರ ಕತೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಈ ಊರಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ 'ಗದಾಯುದ್ಧ' ಬರೆದ. ಇಡೀ ಭಾರತವನ್ನು ಭೀಮ-ದುರ್ಯೋಧನರ ಒಂದು ಕಾಳಗಕ್ಕೆ ತಂದು ನಿಲ್ಲಿಸಿದ ಕಾವ್ಯ ಅದು. ಒಬ್ಬನೆದುರು ಇನ್ನೊಬ್ಬ. ಗರಡಿಯ ನೆಲಕ್ಕೆ ಒಪ್ಪುವ ಮಹಾಭಾರತ. ಕಲ್ಕತ್ತಾದ ನಿರಾಶ್ರಿತರ ಮಹಾಭಾರತ ಬೇರೆ. ಅಲ್ಲಿ ಭೀಮನ ಗದೆ ಮುಖ್ಯವಾಗಲಿಲ್ಲ, ಐವರ ಒಗ್ಗಟ್ಟು ಮುಖ್ಯವಾಯಿತು.

ಆದರೆ ರನ್ನನಿಂದಲೇ ನಾವು ಇನ್ನೊಂದನ್ನು ಕಲಿಯಬಹುದು. ಅವನು ಕತೆಯ ಕೊನೆಯಲ್ಲಿ ನಿಂತು, ಸಿಂಹ ನಡೆಯುತ್ತ ನಡೆಯುತ್ತ ಹಿಂದಿರುಗಿ ನೋಡುವಂತೆ, ಹಿಂದಿನದನ್ನೆಲ್ಲ ಕಾಣಿಸುತ್ತಾನೆ. ಸಿಂಹಾವಲೋಕನ ಕ್ರಮ ಎಂದು ವಿದ್ವಾಂಸರು ಅದನ್ನು ಕರೆಯುತ್ತಾರೆ. ಗೋಲಿನಲ್ಲಿ ನಿಂತು ಹಿಂದಿರುಗಿ ನೋಡಿದರೆ ಗೋಲಿನ ಹಿಂದೆ ಒಂದು ಪಾಸು, ಅದರ ಹಿಂದೆ ಇನ್ನೊಂದು ಪಾಸು, ಅದರ ಹಿಂದೆ ಚೆಂಡನ್ನು ಎದುರಾಳಿಯಿಂದ ಕಸಿದವನು ಕಾಣುತ್ತಾನೆ. ಇನ್ನೂ ಹಿಂದಕ್ಕೆ ನೋಡಿದರೆ ಹಲಸೂರಿನ ಬಯಲು, ಬರಿಗಾಲ ಹುಡುಗರು ಕಾಣುತ್ತಾರೆ. ಚರಿತ್ರೆಗೂ ಈ ಕ್ರಮ ಬೇಕು.

ಬರಿಗಾಲಿನ ಆಟಕ್ಕೆ ತನ್ನ ಮಿತಿಯೂ ಇತ್ತು. 1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದಾಗ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಸಾಹೇಬರು ತರಬೇತಿ ಕೊಟ್ಟ ಭಾರತ ತಂಡ ಫೈನಲ್ಲಿನಲ್ಲಿ ಇರಾನನ್ನು ಒಂದು ಗೋಲಿನಿಂದ ಸೋಲಿಸಿ ಚಿನ್ನ ಗೆದ್ದಿತು. ಗೋಲು ಮೇವಾಲಾಲರದು. ಅಹಮದ್ ಖಾನ್ ಆ ತಂಡದಲ್ಲಿದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಚಳಿಯ ನೆಲ, ಬೂಟುಗಾಲಿನ ಯುಗೊಸ್ಲಾವಿಯ. ಭಾರತ ಹತ್ತು-ಒಂದರಿಂದ ಸೋತಿತು. ಮುಂದೆ ಬೆಳ್ಳಿ ಗೆದ್ದ ತಂಡ ಅದು. ಆ ಒಂದು ಗೋಲು ಹೊಡೆದವರು ಅಹಮದ್ ಖಾನ್, ಪಂದ್ಯ ಮುಗಿಯುವ ಹೊತ್ತಿಗೆ. ಆ ಸೋಲಿನ ನಂತರ ಭಾರತದಲ್ಲಿ ಬೂಟು ಕಡ್ಡಾಯವಾಯಿತು.

ರಹೀಂ ಸಾಹೇಬರು ಆ ಪಾಠವನ್ನು ಗಟ್ಟಿಯಾಗಿ ಹಿಡಿದರು. ಶಾಲೆಯ ಮೇಷ್ಟ್ರಾಗಿದ್ದ ಅವರಿಗೆ ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಮೆರೆಯುವುದು ಹಿಡಿಸುತ್ತಿರಲಿಲ್ಲ. ಬಂದ ಚೆಂಡನ್ನು ಒಂದೇ ಮುಟ್ಟಿನಲ್ಲಿ ಗೆಳೆಯನಿಗೆ ದಾಟಿಸುವುದನ್ನು ಅವರು ಕಲಿಸಿದರು. ಅವರ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಗೆದ್ದಿತು. 1953ರ ನವೆಂಬರಿನಲ್ಲಿ ಹಂಗೇರಿ ತಂಡ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು ಆರು-ಮೂರರಿಂದ ಸೋಲಿಸಿತು. ಅದರ ನಡುವಿನ ಫಾರ್ವರ್ಡ್ ಹಿದೆಗ್ಕುಟಿ ಗೋಲಿನ ಬಳಿ ನಿಲ್ಲದೆ ಹಿಂದೆ ಬಂದು ಚೆಂಡು ಹಂಚಿದ್ದು ಜಗತ್ತಿನ ಕಣ್ಣು ತೆರೆಸಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ರಹೀಂ ಸಾಹೇಬರ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದ ಹಾಫ್‌ಬ್ಯಾಕ್‌ಗಳಲ್ಲಿ ಹೈದರಾಬಾದಿನ ನೂರ್ ಮೊಹಮ್ಮದ್ ಒಬ್ಬರು, ನಮ್ಮ ಕೆಂಪಯ್ಯ ಇನ್ನೊಬ್ಬರು. ಆಸ್ಟ್ರೇಲಿಯಾ ವಿರುದ್ಧ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಹೆಸರು ಪುಸ್ತಕಗಳಲ್ಲಿದೆ, ಇರಬೇಕಾದದ್ದೇ. ಅವರ ಹಿಂದೆ ಓಡಿದ ಕೆಂಪಯ್ಯ, ನೂರ್ ಮೊಹಮ್ಮದರ ಹೆಸರು ಎಷ್ಟು ಜನರ ನೆನಪಿನಲ್ಲಿದೆ?

ಅಹಮದ್ ಖಾನ್ ಸುಮಾರು ಒಂದು ದಶಕ ಈಸ್ಟ್ ಬೆಂಗಾಲಿಗೆ ಆಡಿದರು. 2017ರ ಆಗಸ್ಟ್‌ನಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಕಲ್ಕತ್ತಾದ ಅಭಿಮಾನಿಗಳು ಪಂಚಪಾಂಡವರನ್ನು ಇನ್ನೂ ನೆನೆಯುತ್ತಾರೆ. ಕನ್ನಡದಲ್ಲಿ ಅವರ ಬಗ್ಗೆ ಸಿಗುವ ಬರಹ ತೀರ ಕಡಿಮೆ. ಕ್ರಿಕೆಟಿಗರ ಜೀವನಚರಿತ್ರೆಗಳನ್ನು ಕಪಾಟಿನ ತುಂಬ ಇಟ್ಟುಕೊಂಡಿರುವ ನಾವು ಎರಡು ಒಲಿಂಪಿಕ್ಸ್ ಆಡಿದ, ಏಷ್ಯನ್ ಚಿನ್ನ ಗೆದ್ದ ತಂಡದಲ್ಲಿದ್ದ ಬೆಂಗಳೂರಿಗನನ್ನು ಕಲ್ಕತ್ತಾದವರ ನೆನಪಿಗೆ ಬಿಟ್ಟುಕೊಟ್ಟಿದ್ದೇವೆ.

*

ಅಹಮದ್ ಖಾನ್ ತೀರಿಕೊಂಡ ಅದೇ 2017ರಲ್ಲಿ ಬೆಂಗಳೂರಿಗೆ ಇನ್ನೊಬ್ಬ ಹೊಸಬ ಬಂದ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತಂ‌ಡಕ್ಕೆ ಸ್ಪೇನಿನ ಡಿಮಾಸ್ ಡೆಲ್ಗಾಡೊ ಎಂಬ ಮಿಡ್‌ಫೀಲ್ಡರ್. ವಯಸ್ಸು ಆಗಲೇ ಮೂವತ್ತನಾಲ್ಕು. ಓಟದಲ್ಲಿ ಅವನನ್ನು ಹಿಂದೆ ಹಾಕುವ ಹುಡುಗರು ತಂಡದಲ್ಲೇ ಇದ್ದರು. ಅವನು ಓಡಿಸಿದ್ದು ಚೆಂಡನ್ನು. ನಡುವೆ ನಿಂತು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಎದುರಾಳಿ ದಣಿಯುವವರೆಗೆ. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾ ತಂಡದ ವಿರುದ್ಧ ಇಂಡಿಯನ್ ಸೂಪರ್ ಲೀಗಿನ ಫೈನಲ್ ಹೆಚ್ಚುವರಿ ವೇಳೆಗೆ ಹೋಯಿತು. 117ನೆಯ ನಿಮಿಷದಲ್ಲಿ ಡೆಲ್ಗಾಡೊ ಕಾರ್ನರಿನಿಂದ ಕಳಿಸಿದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟರು. ಬೆಂಗಳೂರಿಗೆ ಆ ಪ್ರಶಸ್ತಿ ಮೊದಲ ಸಲ ಬಂತು. ಎಪ್ಪತ್ತು ವರ್ಷಗಳ ಹಿಂದೆ ಬೆಂಗಳೂರು ಬೇರೆಯವರ ಊರಿಗೆ ಒಬ್ಬ ಹೊಸಬನನ್ನು ಕಳಿಸಿತ್ತು. ಈಗ ಬೇರೆಯವರ ಊರಿನ ಹೊಸಬ ಬೆಂಗಳೂರಿಗೆ ಬಂದು ಚೆಂಡು ಹಂಚಿದ. ಅವನಿಗೆ ಕನ್ನಡ ಬರುತ್ತದೆಯೇ ಎಂದು ಗ್ಯಾಲರಿಯಲ್ಲಿದ್ದವರು ಕೇಳಲಿಲ್ಲ.

ಹೊರಗಿನಿಂದ ಬಂದವನನ್ನು ಅಳೆಯಲು ಪ್ರತಿ ಊರಿಗೂ ತನ್ನದೇ ಸೇರು-ಪಾವು ಇರುತ್ತದೆ. ಅವನ ಭಾಷೆ ಯಾವುದು, ದೇವರು ಯಾರು, ಅನ್ನ ಎಂಥದು. ಈಚಿನ ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ಈ ಅಳತೆ ಹೊರಗಿನವರಿಗಷ್ಟೇ ಅಲ್ಲ, ತಲೆತಲಾಂತರದಿಂದ ಒಂದೇ ಓಣಿಯಲ್ಲಿ ಮಗ್ಗ ಹೂಡಿದವರಿಗೂ ಅನ್ವಯವಾಗತೊಡಗಿದೆ. ಜಾತ್ರೆಯಲ್ಲಿ ಯಾರು ಅಂಗಡಿ ಹಾಕಬೇಕು, ಯಾರು ಹಾಕಬಾರದು ಎಂಬ ಮಾತು ರಾಜ್ಯದ ಬೇರೆ ಬೇರೆ ಕಡೆ ಕೇಳಿಬಂದಿದೆ. ಫುಟ್‌ಬಾಲ್ ಮೈದಾನದ ಅಳತೆ ಇದಕ್ಕಿಂತ ಸರಳ. ಚೆಂಡು ಬಂದಾಗ ನೀನು ಅದನ್ನು ಇಟ್ಟುಕೊಳ್ಳುತ್ತೀಯೋ, ಕೊಡುತ್ತೀಯೋ? ಅಷ್ಟೇ.

ಕುಸ್ತಿಯನ್ನು ನಾವು ಬಿಡಬೇಕಾಗಿಲ್ಲ. ಅದು ಈ ನೆಲದ ದೊಡ್ಡ ವಿದ್ಯೆ. ಆದರೆ ಒಂದು ಊರು ಬದುಕುವುದು ಕುಸ್ತಿಯಿಂದಲ್ಲ, ನೇಯ್ಗೆಯಿಂದ. ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಸು ಒಬ್ಬರದು, ಹೊಕ್ಕು ಇನ್ನೊಬ್ಬರದು ಎಂದು ಬೇರ್ಪಡಿಸಿದರೆ ಉಳಿಯುವುದು ಎರಡು ನೂಲಿನ ಉಂಡೆಗಳು ಮಾತ್ರ, ಸೀರೆಯಲ್ಲ.